ಮತಂಪುಹಿನ್ ಅಪ್ಪನಿಗೆ

ಮುನಿಸಿಕೊಂಡೇ ಹೊರಟುಹೋದ ಅಪ್ಪಾ,

ಮೊನ್ನೆ ಕ್ರ್ಯಾನ್‌ಬರಿ ಊರಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತು. ನನ್ನ ಜೊತೆ ಕೆಲಸ ಮಾಡುವ ಟೆಸ್, ಫಿಲಿಪೀನ್ಸಿನವಳು, ಗಂಡನಿಗೆ ಬಿಡದೆ ಫೋನ್ ಮಾಡುತ್ತಿದ್ದಳು. ಜಗಳವೇನೇ ಎಂದು ಕೇಳಿದರೆ ನಕ್ಕು, "ಇಲ್ಲ, ಅವನು ಮತಂಪುಹಿನ್" ಎಂದಳು. ಅವರ ತಗಾಲೊಗ್ ಭಾಷೆಯಲ್ಲಿ ದಿನಬೆಳಗಾದರೆ ಕೇಳುವ ಮಾತಂತೆ. ಕೋಪಿಷ್ಠ ಅಂತಲ್ಲ. ತನ್ನವರ ಮಾತಿಗೆ ಬೇಗ ನೊಂದು, ಬಾಯಿಬಿಟ್ಟು ಹೇಳದೆ ಮೂಲೆ ಸೇರುವವರಿಗೆ ಹಾಗನ್ನುತ್ತಾರೆ. ಬಾಸ್ ಮಾತಿಗೆ, ಗುರುತಿಲ್ಲದವರ ಮಾತಿಗೆ ಯಾರೂ ಹಾಗೆ ನೋಯುವುದಿಲ್ಲವಂತೆ. "ಕೋಪ ಬಂದವರನ್ನ ಬಿಟ್ಟುಬಿಡಬಹುದು. ಇವರನ್ನ ಕರೀತಾನೇ ಇರಬೇಕು, ಕಾಯ್ತಾ ಇರ್ತಾರೆ." ನಾನು ಚಪಾತಿ ಡಬ್ಬಿ ಮುಚ್ಚಿಟ್ಟೆ.

ನೀನು ಹೋಗುವ ಆರು ದಿನ ಮೊದಲು, ನಿನ್ನ ಮೊಮ್ಮಗಳು ಅನುವಿನ ಬರ್ತ್‌ಡೇ. ಬಂದವರೆದುರು ನೀನು ಬಸ್ ಡಿಪೋದ ಹಳೇ ಕಥೆ ಶುರುಮಾಡಿದೆ. "ಅಪ್ಪಾ, ಸಾಕು ಸುಮ್ನಿರು, ಎಲ್ಲರಿಗೂ ಗೊತ್ತು ಅದು" ಅಂದುಬಿಟ್ಟೆ ನಾನು. ಎಂಥ ಬಾಯಿ ನನ್ನದು! ಅವತ್ತಿನಿಂದ ನೀನು ಊಟಕ್ಕೆ ರೂಮಿನಿಂದ ಹೊರಗೆ ಬರಲಿಲ್ಲ. ಒಂದು ಸಲ ಕರೆದೆ. ಹಸಿವಿಲ್ಲ ಅಂತ ನಿನ್ನ ಉತ್ತರ. "ಸ್ಪೇಸ್ ಕೊಡೋಣ ಬಿಡೆ" ಅಂದರು ಇವರು. ಈ ದೇಶದಲ್ಲಿ ಎಲ್ಲರೂ ಹೇಳುವ ಮಾತು. ತಟ್ಟೆ ನಿನ್ನ ಮೇಜಿನ ಮೇಲಿಟ್ಟು ಬರುತ್ತಿದ್ದೆ. ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ ಕಣಪ್ಪಾ. ಆರನೆಯ ಬೆಳಿಗ್ಗೆ ಆಂಬ್ಯುಲೆನ್ಸ್...

ಅಮ್ಮ ಇದ್ದಾಗ ಹೇಗಿತ್ತು, ನೆನಪಿದೆಯಾ? ನೀನು ಮುಖ ಊದಿಸಿಕೊಂಡು ಕೂತರೆ ಮೂರು ಸಲ ಕರೆಯುತ್ತಿದ್ದಳು. ಮೂರನೆಯದಕ್ಕೆ, "ಏಳಿ, ಹೊಸ ಅಳಿಯಂದಿರಿಗೆ ಉಪಚಾರ ಆಗ್ಬೇಕೇನೋ" ಅಂತ ಕೈ ಹಿಡಿದು ಎಳೆದರೆ ನೀನು ನಗು ನುಂಗಿಕೊಂಡು ಎದ್ದು ಬರುತ್ತಿದ್ದೆ. ಮುನಿಸು ಅನ್ನುವುದು ನಮ್ಮಲ್ಲಿರಲಿಲ್ಲವೇ? ಅದನ್ನು ನನಗೆ ಟೆಸ್ ಹೇಳಿಕೊಡಬೇಕಾಯಿತೇ? ಆ ಐದು ದಿನವೂ ನಿನ್ನ ಬಾಗಿಲು ಒಂದು ಗೇಣು ತೆರೆದೇ ಇರುತ್ತಿತ್ತು. ನಾನೇ ಅದನ್ನು ಮೆಲ್ಲಗೆ ಮುಚ್ಚಿ ಬರುತ್ತಿದ್ದೆ.

ನಿನ್ನೆ ಅನು, ಗೆಳತಿಯರ ಮುಂದೆ ನಾನು ರೇಗಿದೆನೆಂದು, ಅದೇ ರೂಮು ಸೇರಿದಳು. ಊಟಕ್ಕೆ ಕರೆದರೆ "ಐ ಆಮ್ ನಾಟ್ ಹಂಗ್ರಿ." ಥೇಟ್ ನೀನೇ! ಇವರು "ಸ್ಪೇಸ್..." ಎಂದು ಬಾಯಿ ತೆರೆದರು, ಸುಮ್ಮನಿರಿ ಎಂದೆ. ಎರಡನೆಯ ಸಲಕ್ಕೂ ಅದೇ ಉತ್ತರ. ಮೂರನೆಯ ಸಲ ಒಳಗೆ ಹೋಗಿ ಕೈ ಹಿಡಿದು ಎಳೆದೆ. ಬಂದಳಪ್ಪಾ.

ಅರ್ಧ ಊಟವಾದ ಮೇಲೆ ತಾನಾಗಿ ಮಾತು ತೆಗೆದಳು. "ಅಮ್ಮಾ, ತಾತನ ಬಸ್ ಸ್ಟೋರಿ... ಹೌ ಡಸ್ ಇಟ್ ಎಂಡ್?"

ನನಗೆ ಗೊತ್ತಿರಲಿಲ್ಲ ಅಪ್ಪಾ. ಒಂದು ಸಲವೂ ನಿನ್ನನ್ನು ಕೊನೆಯವರೆಗೆ ಹೇಳಲು ಬಿಟ್ಟಿರಲಿಲ್ಲ.

ನಿನ್ನ ಮಗಳು