ಬಿಚ್ಚಲು ಬಾರದ ಮೂಲೆ

ಮಾರ್ಚ್ 3, ಮಧ್ಯಾಹ್ನ ಎರಡೂವರೆ

ಅತ್ತೆಯ ಗೊರಕೆ ಶುರು. ನನ್ನ ಎರಡನೇ ಪಾಳಿಯೂ ಶುರು. ಬೆಳಗ್ಗೆಯಿಂದ ಅವರು ಹಳೇ ಬಟ್ಟೆಯ ಕೌದಿಗೆ ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚುವುದು, ನೆಟ್ಟಗೆ ಮತ್ತೆ ಹಾಕುವುದು. ಎರಡು ವರ್ಷದಿಂದ ಇದೇ. ಕಣ್ಣು ಮಂಜಾದ ಮೇಲೆ ಅವರು ಬೆರಳ ತುದಿಯಲ್ಲೇ ಹೊಲಿಯುತ್ತಾರೆ. ದಾರ ಪೋಣಿಸಿಕೊಡುವವಳು ನಾನು. ಸಾಲು ಹೊರಡುವುದು ಬೀದಿಬಾಗಿಲಿಗೆ, ತಲುಪುವುದು ಬಚ್ಚಲಿಗೆ. ಹೇಳಿದರೆ ನೊಂದುಕೊಳ್ಳುತ್ತಾರೆ, ಅದಕ್ಕೇ ಹೇಳಿಲ್ಲ. ಎಂಥ ಸೊಸೆ! ಬೇರೆ ಯಾರೂ ಹೊಗಳದ ಕಾರಣ ಇಲ್ಲೇ ಬರೆದುಕೊಂಡೆ.

ಇವತ್ತು ಕಾಲ ಕಡೆಯ ಮೂಲೆಯೊಂದು ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ. ಕತ್ತರಿಯ ಮೊನೆ ಮುರಿಯಿತು. ನಾಳೆಯೇ ಗಿರಾಕಿ ಬರುತ್ತಾರೆ... ಇರಲಿ ಬಿಡು. ಮೂಲೆ ಯಾರು ನೋಡುತ್ತಾರೆ.

ಮಾರ್ಚ್ 4, ಸಂಜೆ

ಗಿರಾಕಿ ಕನ್ನಡಕದಮ್ಮ ಬಂದು ಕೌದಿ ಒಯ್ದರು. ಲೈಬ್ರರಿಯಲ್ಲಿ ಕೆಲಸವಂತೆ. ನಾನು ಕೇಳಿದ್ದು ಎರಡು ಸಾವಿರ — ಚೌಕಾಸಿಗೆಂದು ಐನೂರು ಸೇರಿಸಿಯೇ. ಅವರು ಕೌದಿ ಹಾಸಿ, ಮಂಡಿಯೂರಿ, ಉದ್ದಕ್ಕೂ ಕೈಯಾಡಿಸಿದರು. ಎದ್ದು ಆರು ಸಾವಿರ ಕೊಟ್ಟರು.

“ಜಾಸ್ತಿ ಬಂತು ಮೇಡಂ.”

“ಇಲ್ಲಮ್ಮ, ಈ ಕೈಗೆ ಇದೂ ಕಮ್ಮಿನೇ.”

ಹೋಗಿಯೇಬಿಟ್ಟರು. ಒಂದೇ ಒಂದು ತಪ್ಪು ಹುಡುಕಲಿಲ್ಲ. ನನ್ನ ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ಅಂಥ ಗಿರಾಕಿ ಹುಟ್ಟಿಲ್ಲ. ಏನೋ ಇದೆ.

ಮಾರ್ಚ್ 5

ಯಜಮಾನರ ತನಿಖೆ ನಡೆಯಿತು. ನೋಟನ್ನು ಬೆಳಕಿಗೆ ಹಿಡಿದರು, ಉಗುರಲ್ಲಿ ಕೆರೆದರು. ಅಸಲಿ. ತುಂಬ ಬೇಸರಪಟ್ಟುಕೊಂಡರು.

“ಹಂಗಾದ್ರೆ ಕೌದಿ ಒಳಗೇ ಏನೋ ಇತ್ತು ಕಣೆ. ಹಳೇ ಬಟ್ಟೆ ಎಲ್ಲಿಂದ ತಗೊಂಡೆ?”

“ನಿಮ್ಮಮ್ಮನ ಪೆಟ್ಟಿಗೆಯಿಂದ.”

“ಓ... ಹಂಗಾದ್ರೆ ಏನೂ ಇರಲ್ಲ ಬಿಡು.”

ದುಡ್ಡು ಸಕ್ಕರೆ ಡಬ್ಬಿಯ ಹಿಂದಿದೆ. ಮುಟ್ಟಿಲ್ಲ. ಟೀ ಮಾಡುವಾಗೆಲ್ಲ ನನ್ನನ್ನೇ ನೋಡುತ್ತದೆ.

ಮಾರ್ಚ್ 9

ಪತ್ತೇದಾರಿಕೆಗೆ ಲೈಬ್ರರಿಗೆ ಹೋದೆ. ಕನ್ನಡಕದಮ್ಮ ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದರು. ನೋಡಲು ನಿರಪರಾಧಿ. ನಾನು ಕಪಾಟಿನ ಮರೆಗೆ ನಿಂತು ಕೈಗೆ ಸಿಕ್ಕ ಪುಸ್ತಕ ಹಿಡಿದೆ. ಹಿಂದಿನಿಂದ ಅವರದೇ ದನಿ —

“ನೀರಿನ ಪಂಪ್ ರಿಪೇರಿನೂ ಮಾಡ್ತೀರಾ?”

“ಯಾವುದಕ್ಕೂ ಇರಲಿ ಅಂತ...”

“ನಾಳಿದ್ದು ನಿಮ್ಮನೆಗೇ ಬರೋಳಿದ್ದೆ. ಇನ್ನೊಂದು ಕೌದಿ ಬೇಕು.”

ಇನ್ನೊಂದು! ಗಾಬರಿಯಲ್ಲಿ ಪಂಪ್ ಪುಸ್ತಕ ಎರವಲು ತಂದದ್ದಾಯಿತು.

ಮಾರ್ಚ್ 11

ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಕನ್ನಡಕದಮ್ಮ ಬಂದರು, ಮೊನ್ನೆ ಒಯ್ದ ಕೌದಿಯನ್ನೂ ತಂದಿದ್ದರು. ಮೂಲೆ ಹರವಿ ತೋರಿಸಿದರು. ನನ್ನ ಕತ್ತರಿ ಮುರಿದ ಅದೇ ಮೂಲೆ.

“ಉಳಿದಿದ್ದೆಲ್ಲ ನೀಟಾಗಿದೆ. ಮಷಿನ್ ಥರ. ಅಂಥದ್ದು ಅಂಗಡೀಲೂ ಸಿಗುತ್ತೆ. ಇದು ಮಾತ್ರ ಒಬ್ಬರ ಕೈ ಅಂತ ಗೊತ್ತಾಗುತ್ತೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ. ಈ ಸಲ ಪೂರ್ತಿ ಹೀಗೇ ಇರಲಿ. ಯಾರು ಹೊಲಿದಿದ್ದು?”

ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು.

“ನಾನೇ,” ಅಂದೆ.

ಮಾರ್ಚ್ 14

ಸೊಟ್ಟ ಹೊಲಿಯುವುದು ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಕಣ್ಣು ತೆರೆದರೆ ಸಾಲು ನೆಟ್ಟಗಾಗುತ್ತದೆ, ಮುಚ್ಚಿದರೆ ಸೂಜಿ ಬೆರಳಿಗೆ. ಎಡಗೈಯಲ್ಲೂ ನೋಡಿದೆ. ಯಜಮಾನರು ಇಣುಕಿ, “ಯಾರಾದ್ರೂ ಕುಡಿದು ಹೊಲಿದ್ರಾ?” ಅಂದರು. ಅತ್ತೆಯದು ಕುಡಿದ ಹಾಗಿಲ್ಲ. ಆ ಮೂಲೆಯ ಸಾಲಿಗೆ ಎಲ್ಲಿ ತಿರುಗಬೇಕೆಂದು ಗೊತ್ತಿತ್ತು. ಎಷ್ಟು ಹೊಲಿಗೆ ಬಿಚ್ಚಿ ಕಸದ ಬುಟ್ಟಿಗೆ ಹಾಕಿದ್ದೇನೋ...



ಮಾರ್ಚ್ 16

ಹೆಚ್ಚಿಗೆ ಬಂದ ದುಡ್ಡನ್ನು ಅತ್ತೆಯ ಕೈಗಿಟ್ಟೆ. ಮೂಸಿ ನೋಡಿದರು.

“ಏನಿದು?”

“ನಿಮ್ಮ ಕೂಲಿ ಅತ್ತೆ.”

“ಇಷ್ಟು ದಿನ ಇಲ್ಲದ ಕೂಲಿ ಇವತ್ತ್ಯಾಕೆ? ಎಲ್ಲಿಗೆ ಸಾಗಹಾಕ್ತಿದ್ದೀಯ ನನ್ನ? ಮಗಳ ಮನೆಗಾ?”

ಎಲ್ಲ ಕಕ್ಕಿಬಿಟ್ಟೆ. ಬಿಚ್ಚಿದ್ದು, ನಾನೇ ಅಂದಿದ್ದು, ಎಡಗೈ — ಎಲ್ಲ. ಅತ್ತೆ ನೋಟನ್ನು ಮಡಿಚಿ ಮಡಿಚಿ ಚಿಕ್ಕದು ಮಾಡಿದರು.

“ಬಿಚ್ತಿದ್ದಿದ್ದು ಗೊತ್ತು. ಹಳೇ ತೂತು ಬೆರಳಿಗೆ ಸಿಗಲ್ವಾ? ಅದಕ್ಕೇ ಆ ಮೂಲೇಲಿ ಹೊಲಿಗೆ ಹೊಲಿಗೆಗೂ ಗಂಟು ಬಿಗಿದೆ. ಅದೊಂದಾದ್ರೂ ಉಳೀಲಿ ಅಂತ.”

“ಒಂದು ಮಾತು ಬೈಬಾರದಿತ್ತಾ?”

“ಬೈದಿದ್ರೆ, ಹೊಲಿಯೋದೇ ಬೇಡ ಕೂತ್ಕೊಳ್ಳಿ ಅಂತಿದ್ದೆ ನೀನು.”

ಅನ್ನುತ್ತಿದ್ದೆ. ನಿಜ.

ಮಾರ್ಚ್ 18, ಮಧ್ಯಾಹ್ನ ಎರಡೂವರೆ

ಕನ್ನಡಕದಮ್ಮನಿಗೆ ಫೋನ್ ಮಾಡಿ ಹೇಳಿದೆ — ನಾನಲ್ಲ, ನಮ್ಮತ್ತೆ ಅಂತ. ಅವರು ನಕ್ಕರು, ಅಷ್ಟೆ. ರೇಟನ್ನು ಅತ್ತೆಯೇ ಮಾತಾಡಿದರು. ಆಕೆ ಮರುಮಾತಿಲ್ಲದೆ ಒಪ್ಪಿದರಂತೆ. ಅತ್ತೆ ಫೋನಿಟ್ಟು ನನ್ನ ಕಿವಿಯ ಹತ್ತಿರ ಬಂದರು:

“ಚೌಕಾಸೀನೇ ಮಾಡಲ್ವಲ್ಲೇ ಆ ಹೆಂಗಸು! ಏನೋ ಇದೆ ಕಣೆ.”

ಅತ್ತೆ ಇವತ್ತು ಮಲಗಿಲ್ಲ. ಹೊಸ ಕತ್ತರಿ ಅವರ ದಿಂಬಿನಡಿ. ನನಗೂ ಒಂದು ಸಾಲು ಹೊಲಿಯಲು ಅಪ್ಪಣೆ ದಯಪಾಲಿಸಿದ್ದರು. ಅದರ ಮೇಲೆ ಈಗ ಬೆರಳಾಡಿಸುತ್ತಿದ್ದಾರೆ. ಬೆರಳು ನಿಂತಿತು. ತಲೆಯಾಡಿಸಿದರು... ಬಿಚ್ಚುತ್ತಿದ್ದಾರೆ.

“ಬರೆದಿದ್ದು ಸಾಕು ಬಾರೇ, ದಾರ ಪೋಣಿಸು.”

ಬಂದೆ ಅತ್ತೆ. ಸೂಜಿ ಎಲ್ಲಿ ಇಟ್ಟಿದ್ದೀರಿ?