ಬಾಗಿಲು ದಾಟದ ಬೀರು

ಒಂದನೇ ಅರ್ಜಿದಾರರಿಗೆ, ಎರಡನೇ ಅರ್ಜಿದಾರಳ ನಮಸ್ಕಾರ.

ರೀ, ನಗಬೇಡಿ. ಕೋರ್ಟಿನ ಕಾಗದದಲ್ಲಿ ನಾವಿಬ್ಬರೂ ಈಗ ಹೀಗೇ ಇದ್ದೇವೆ. ಮದುವೆಯ ಕಾಗದದಲ್ಲಿ ನಿಮ್ಮ ಹೆಸರು ಮೊದಲಿತ್ತು, ಬಿಡುಗಡೆಯ ಕಾಗದದಲ್ಲೂ ನಿಮ್ಮದೇ ಮೊದಲು. ನಡುವಿನ ವರ್ಷಗಳಲ್ಲಿ ಅಂಗಡಿಯ ಬೋರ್ಡಿನ ಮೇಲೆ ಮಾತ್ರ ನನ್ನ ಹೆಸರು ಮೇಲಿತ್ತು. ಅದಕ್ಕೆ ಬಣ್ಣ ಬಳಿದವರೂ ನೀವೇ.

ಒಂದೇ ಅಂಗಡಿಯಲ್ಲಿ ದಿನಾ ಮುಖ ನೋಡುವವರಿಗೆ ಪತ್ರ ಬರೆಯುವ ಕರ್ಮ ಏಕೆ ಬಂತೆಂದರೆ, ಮಗಳು ಇನ್ನು ನಮ್ಮ ಮಾತು ಹೊರುವುದಿಲ್ಲ ಎಂದುಬಿಟ್ಟಿದ್ದಾಳೆ. "ಅಪ್ಪನಿಗೆ ಹೇಳು, ಗ್ಯಾಸ್ ಮುಗೀತು." "ಅಮ್ಮನಿಗೆ ಹೇಳು, ವ್ಯಾನಿನ ಕೀಲಿ ಮೊಳೆಗೆ ಹಾಕಿದೀನಿ." ಅಡುಗೆಮನೆಗೂ ಹಜಾರಕ್ಕೂ ನಡುವೆ ಅವಳು ಸಂಬಳವಿಲ್ಲದ ಅಂಚೆಯವಳಾಗಿ ಓಡಾಡಿದ್ದು ಸಾಕಾಗಿದೆಯಂತೆ. ಹೊತ್ತವಳು ಮೂಟೆ ಇಳಿಸಿದ ಮೇಲೆ ಹೊರಿಸಿದವರೇ ಎತ್ತಿಕೊಳ್ಳಬೇಕು. ಬಾಯಲ್ಲಿ ಹೇಳೋಣವೆಂದರೆ, ಗಿರಾಕಿಗಳ ಮುಂದೆ ಅರಳು ಹುರಿದಂತೆ ಮಾತಾಡುವ ನನಗೆ ನಿಮ್ಮ ಬೆನ್ನು ಕಂಡ ಕೂಡಲೆ ನಾಲಿಗೆ ಕಟ್ಟುತ್ತದೆ.

ಕೋರ್ಟಿನ ಎದುರಿನ ಟೈಪಿಸ್ಟ್ ಕಾರಣ ಕೇಳಿದ್ದು ನಿಮಗೆ ನೆನಪಿರಬೇಕು. ಕುಡಿತವಾ, ಹೊಡೆತವಾ, ಇನ್ಯಾರಾದರೂ ಇದ್ದಾರಾ ಎಂದು ಆತ ಹೋಟೆಲಿನವರು ತಿಂಡಿಗಳ ಹೆಸರು ಒಪ್ಪಿಸುವ ಹಾಗೆ ಒಂದೊಂದಾಗಿ ಒಪ್ಪಿಸಿದ. ನಾವು ಎಲ್ಲಕ್ಕೂ ಇಲ್ಲವೆಂದು ತಲೆ ಅಲ್ಲಾಡಿಸಿದೆವು. ಕೊನೆಗೆ ಬೇಜಾರಾಗಿ, ಹೊಂದಾಣಿಕೆ ಇಲ್ಲ ಎಂದು ಟೈಪು ಬಡಿದ. ನನ್ನನ್ನು ಕೇಳಿದರೆ ಹೊಂದಾಣಿಕೆ ಮಿತಿಮೀರಿತ್ತು. ನೀವು ಮಾತಾಡುವುದಿಲ್ಲ, ನಾನು ಕೇಳುವುದಿಲ್ಲ. ನೀವು ಉಂಡೆದ್ದ ಮೇಲೆ ನಾನು ತಟ್ಟೆ ಹಾಕಿಕೊಳ್ಳುತ್ತೇನೆ. ಜಗಳಕ್ಕೂ ಇಬ್ಬರು ಒಂದೇ ಕೋಣೆಯಲ್ಲಿ ಇರಬೇಕಲ್ಲ.

ಈಗ ರಾಶಿಯ ವಿಷಯಕ್ಕೆ ಬರುತ್ತೇನೆ. ಗುಜರಿ ಅಂಗಡಿಯ ತಕ್ಕಡಿ ಮುಂದೆ ಕೂತು ಬಾಯಿ ಬೆಳೆಸಿಕೊಂಡವಳು ನಾನು, ಆ ಅಂಗಡಿಗೆ ಮುರಿದ ಕುರ್ಚಿ ಹುಡುಕಿಕೊಂಡು ಬರುತ್ತಿದ್ದ ಬಡಗಿ ನೀವು. ಇಬ್ಬರೂ ಸೇರಿ ಹಳೇ ಸಾಮಾನಿನ ಅಂಗಡಿ ಹಾಕಿದಾಗ ನಮ್ಮ ಬಳಿ ಇದ್ದ ವಿದ್ಯೆ ಗುಜರಿಯಲ್ಲಿ ತೂಕ ಹಾಕುತ್ತಿದ್ದ ತಕ್ಕಡಿ ಅಜ್ಜ ಕಲಿಸಿದ್ದಷ್ಟೇ. ಮನೆ ಒಡೆದವರ ಸಾಮಾನೇ ನಮ್ಮ ಅನ್ನ. ಮಿಕ್ಸಿಯ ಜಾರು ಅಕ್ಕನಿಗೆ, ಮೋಟಾರು ತಂಗಿಗೆ ಎಂದು ಹಂಚಿಕೊಂಡು ವರ್ಷವೆಲ್ಲ ಇಬ್ಬರೂ ಕಲ್ಲಿನಲ್ಲೇ ಅರೆದ ಮನೆಯನ್ನು ನಾವು ಕಂಡಿದ್ದೇವೆ. ಅಂಥ ಕಡೆಗಳಲ್ಲಿ ಅಜ್ಜನ ಪದ್ಧತಿ ಒಂದೇ: ಒಬ್ಬರು ಎಲ್ಲವನ್ನೂ ಎರಡು ರಾಶಿ ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಬೇಕು. "ರಾಶಿ ಹಾಕಿದವರು ಆರಿಸೋ ಹಾಗಿಲ್ಲ, ಆರಿಸಿದವರು ಅಳೋ ಹಾಗಿಲ್ಲ" ಅನ್ನುತ್ತಿದ್ದ ಅಜ್ಜ. ಆ ಮಾತಿನ ಮೇಲೆ ನಾವು ಎಷ್ಟು ಅಣ್ಣತಮ್ಮಂದಿರನ್ನು, ಎಷ್ಟು ಗಂಡಹೆಂಡಿರನ್ನು ಸಮಾಧಾನ ಮಾಡಿ ಕಳಿಸಿಲ್ಲ. ನಮ್ಮ ಸರದಿ ಬಂದಾಗ ವಕೀಲರಿಗೆ ಯಾಕೆ ದುಡ್ಡು ಸುರಿಯಬೇಕು, ನಮಗೆ ಗೊತ್ತಿಲ್ಲದ ವ್ಯವಹಾರವೇ ಎಂದುಕೊಂಡೆವು. ರಾಶಿ ನೀನು ಹಾಕು ಎಂದು ನೀವು ಮಗಳ ಮೂಲಕ ಹೇಳಿ ಕಳಿಸಿದಿರಿ. ಯಾವುದರ ರಾಶಿ ಎಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ನಾನು ಹಾಕಿದೆ. ಒಂದನೇ ರಾಶಿಯಲ್ಲಿ ಮನೆ, ಅಂಗಡಿ, ಗೋದಾಮು, ವ್ಯಾನು, ಬ್ಯಾಂಕಿನಲ್ಲಿದ್ದದ್ದು, ಕೊನೆಗೆ ಒಗೆಯುವ ಮೆಷಿನ್ನು. ಎರಡನೇ ರಾಶಿಯಲ್ಲಿ ಮಗಳು, ಅವಳ ಪುಸ್ತಕ, ಅವಳ ಬಟ್ಟೆ. ನನ್ನ ಲೆಕ್ಕ ಸರಳವಾಗಿತ್ತು. ಗೋದಾಮಿನ ಆ ಉದ್ದನೆಯ ಕೆಲಸದ ಮೇಜನ್ನು ಬಿಟ್ಟು ನೀವು ಬದುಕುವವರಲ್ಲ. ಒಂದನೆಯದನ್ನು ಎತ್ತಿಕೊಳ್ಳುತ್ತೀರಿ, ಮಗಳು ನನಗೆ ಉಳಿಯುತ್ತಾಳೆ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ, ಇನ್ನೊಂದು ಮೂಲೆಯಲ್ಲಿ ಇನ್ನೊಂದು ಅಂಗಡಿ ಹಾಕಿದರಾಯಿತು. ನಿಮಗೆ ಆಸೆ ಹುಟ್ಟಲಿ ಎಂದೇ ಆ ಕಡೆ ಅಷ್ಟೊಂದು ಪೇರಿಸಿದ್ದು. ಗಿರಾಕಿಯ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದರಲ್ಲಿ ನಾನು ಅದುವರೆಗೆ ಸೋತಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಕಾಗದ ಇಟ್ಟೆ. ನೀವು ಕೈಗೆ ಅಂಟಿದ ಮರದ ಹೊಟ್ಟು ಕೊಡವಿ, ಓದಿ, "ಎರಡನೇದು" ಅಂದಿರಿ. ಆಮೇಲೆ ಟೀ ಕುಡಿದ ಲೋಟ ತೊಳೆದು ಬೋರಲು ಹಾಕಿದಿರಿ. ನೀವು ಇನ್ನೊಮ್ಮೆ ಓದುತ್ತೀರೆಂದು ಕಾದೆ. ನೀವು ಕೈ ಒರೆಸಿಕೊಂಡು ಹೊರಟುಹೋದಿರಿ. ಒಂದೇ ಕಡೆ ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗಾಯಿತು. ಕಾಲು ಇದೆ ಎಂದು ಕಣ್ಣಿಗೆ ಕಾಣುತ್ತದೆ, ಚಿವುಟಿದರೆ ಇನ್ಯಾರದೋ ಕಾಲು. ಆ ಜೋಮು ಇನ್ನೂ ಬಿಟ್ಟಿಲ್ಲ. ಅದರಿಂದ ಕೆಲಸಕ್ಕೇನೂ ತೊಂದರೆಯಿಲ್ಲ. ಮಾರನೆಯ ದಿನವೇ ಕಪಾಟಿನ ಗಿರಾಕಿಯ ಜೊತೆ ಚೌಕಾಸಿ ಮಾಡಿ ಗೆದ್ದೆ.

ಮಾತು ಮಾತೇ. ಪದ್ಧತಿಯ ಪ್ರಕಾರ ಸಹಿ ಹಾಕಿದೆವು. ಮಗು ಯಾವ ಕಲಮಿನಲ್ಲಿ ಬರುತ್ತದೆ ಎಂದು ಟೈಪಿಸ್ಟ್ ಕೇಳಿದಾಗ ನಾನು ಎರಡನೇ ರಾಶಿಯಲ್ಲಿ ಅಂದೆ, ನೀವು ಹೌದು ಅಂದಿರಿ. ತುಂಬ ದಿನದ ಮೇಲೆ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ. ಆತ ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, ನಮಗ್ಯಾಕೆ ಎಂಬಂತೆ ಬಡಿದ.

ನ್ಯಾಯಾಧೀಶರು ಅದನ್ನು ಓದಿದ ರೀತಿಯನ್ನು ನಾನು ಮರೆಯಲಾರೆ. ಒಮ್ಮೆ ಓದಿ, ಕಾಗದ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಆಮೇಲೆ ದನಿ ಏರಿಸದೆ ಹೇಳಿದರು: "ನೋಡಮ್ಮ, ಆಸ್ತಿ ಬಿಟ್ಟುಕೊಟ್ಟು ಮಗು ತಗೊಳ್ಳೋದು, ಮಗು ಬಿಟ್ಟುಕೊಟ್ಟು ಆಸ್ತಿ ತಗೊಳ್ಳೋದು, ಇದು ಇಲ್ಲಿ ನಡೆಯಲ್ಲ. ಆಸ್ತಿ ನಿಮ್ಮಿಬ್ಬರದು, ಹೇಗಾದ್ರೂ ಹಂಚಿಕೊಳ್ಳಿ. ಮಗುವಿನ ಖರ್ಚು ಮಗುವಿನ ಹಕ್ಕು. ಅದನ್ನ ಬೇಡ ಅಂತ ಬರೆದುಕೊಡೋಕೆ ನೀವ್ಯಾರು?" ಮಗು ಯಾರ ಸುಪರ್ದಿಗೆ ಎಂಬುದು ಮಗುವಿನ ಒಳಿತು ನೋಡಿ ತೀರ್ಮಾನವಾಗಬೇಕಂತೆ. ಕಾಗದ ವಾಪಸ್ಸು. ಹೊಸದಾಗಿ ಬರೆದು ತನ್ನಿ, ಆಗದಿದ್ದರೆ ವಕೀಲರನ್ನು ಇಟ್ಟುಕೊಳ್ಳಿ ಎಂದರು. ಅಜ್ಜನ ಪದ್ಧತಿ ಸೋತದ್ದನ್ನು ನಾನು ಮೊದಲ ಸಲ ನೋಡಿದ್ದು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದೆ, ಸಿಗಲಿಲ್ಲ.

ಬಾಗಿಲು ತೆರೆದೇ ಇತ್ತು. ಮಗಳು ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಆಮೇಲೆ ನ್ಯಾಯಾಧೀಶರು ಅವಳೊಬ್ಬಳನ್ನೇ ಒಳಗೆ ಕರೆದು ಮಾತಾಡಿಸಿದರಲ್ಲ, ಅಲ್ಲೇನಾಯಿತೆಂದು ನಾನು ಕೇಳಿಲ್ಲ, ನೀವೂ ಕೇಳಬೇಡಿ. ವ್ಯಾನಿನಲ್ಲಿ ವಾಪಸ್ಸು ಬರುವಾಗ, ನೀವು ಹಿಂದೆ ಬಸ್ಸಿನಲ್ಲಿ ಬರುತ್ತಿದ್ದಾಗ, ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ಅಮ್ಮ, ರಾಶೀಲಿ ನನ್ನ ಜೊತೆ ಇನ್ನೇನಿತ್ತು?"

ನಿನ್ನ ಪುಸ್ತಕ, ನಿನ್ನ ಬಟ್ಟೆ ಅಂದೆ.

"ಅಷ್ಟೇನಾ? ಆ ಕಡೆ?"

ಹೇಳಿದೆ. ಮುಚ್ಚಿಡಲು ಹೋಗಲಿಲ್ಲ. ವ್ಯಾಪಾರದ ಮನೆಯಲ್ಲಿ ಬೆಳೆದವಳು, ಮನಸ್ಸಿನಲ್ಲೇ ಕೂಡಿಸಿದಳೆಂದು ಕಾಣುತ್ತದೆ. ಸಿಗ್ನಲ್ಲು ಹಸಿರಾಗಿ ಹಿಂದಿನವರು ಹಾರನ್ನು ಬಾರಿಸಿದಾಗ, "ಅಪ್ಪಂಗೆ ವ್ಯಾಪಾರ ಗೊತ್ತಿಲ್ಲ" ಅಂದಳು. ನನ್ನ ಅಮ್ಮನ ಕಾಲದಿಂದ ನನ್ನ ತವರಿನವರು ನಿಮ್ಮ ಬಗ್ಗೆ ಹೇಳಿದ್ದು ಇದೇ ಮಾತು. ಅವರೆಲ್ಲ ಬೈಗುಳವಾಗಿ ಹೇಳುತ್ತಿದ್ದರು. ಇವಳು ಹೇಳಿದಾಗ ಹಾಗಿರಲಿಲ್ಲ. ಮನೆ ಬಂದು ಇಳಿಯುವಾಗ, ಇನ್ನು ಮೇಲೆ ಅಪ್ಪನಿಗೆ ಹೇಳು, ಅಮ್ಮನಿಗೆ ಹೇಳು ಅಂತ ನನಗೆ ಹೇಳಬೇಡಿ ಎಂದು ಚೀಲ ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನದು ನಿಮಗೆ ಗೊತ್ತೇ ಇದೆ. ಕಾಗದ ವಾಪಸ್ಸು ಬಂದರೂ ಆರಿಸಿದ್ದು ಆರಿಸಿದ್ದೇ ಎಂಬಂತೆ ನೀವು ಮನೆ ಬಿಟ್ಟು ಗೋದಾಮಿನ ಅಟ್ಟಕ್ಕೆ ಹೋದಿರಿ. ಅಲ್ಲಿ ಮಾರಾಟಕ್ಕಿಟ್ಟ ಮಂಚದ ಮೇಲೆ ಮಲಗುತ್ತೀರಿ, ಅದು ಮಾರಿಹೋದರೆ ಪಕ್ಕದ ಮಂಚಕ್ಕೆ ಹಾಸಿಗೆ ಸುತ್ತಿಕೊಂಡು ಹೋಗುತ್ತೀರಿ. ಮೊನ್ನೆ ನಾನು ಜೋಡಿ ಮಂಚ ಮಾರಿದ ದಿನ ನೀವೇ ಒಂದು ತುದಿ ಹಿಡಿದು ಇಳಿಸಿಕೊಟ್ಟಿರಿ. ತಾನು ಮಲಗುವ ಮಂಚಕ್ಕೆ ತಾನೇ ಹಗ್ಗ ಬಿಗಿದು ವ್ಯಾನಿಗೆ ಏರಿಸಿದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನು ವಕೀಲಮ್ಮನನ್ನು ಗೊತ್ತು ಮಾಡಿದೆ. ಚುರುಕು ಹೆಂಗಸು, ನನ್ನ ಜಾಯಮಾನದವಳೇ. ಕಾಗದವೆಲ್ಲ ತಿರುವಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದಳು. "ಗೆದ್ದ ಹಾಗೇ ಅಕ್ಕ. ಮನೆ ನಿಮ್ಮ ಹೆಸರಲ್ಲಿದೆ. ಅವರಿರೋದು ಅಟ್ಟದಲ್ಲಿ, ಬೆಳೆಯೋ ಹೆಣ್ಣುಮಗೂನ ಅಲ್ಲಿ ಹೇಗೆ ಇಟ್ಕೋತಾರೆ ಅಂತ ಕೇಳಿದ್ರೆ ಸಾಕು. ಮಗೂನೂ ನಿಮಗೇ, ಮನೆಯೂ ನಿಮಗೇ." ನಿಮಗೆ ತಲೆಮೇಲೆ ಸೂರಿಲ್ಲದೆ ಹೋದದ್ದು ಮಗಳೇ ಸಾಕೆಂದು ಎಲ್ಲ ಬಿಟ್ಟದ್ದಕ್ಕೆ. ಸೂರಿಲ್ಲ ಎಂಬ ಕಾರಣಕ್ಕೆ ಈಗ ಮಗಳೂ ಸಿಗುವುದಿಲ್ಲ. ಎರಡೂ ರಾಶಿ ನನ್ನ ಪಾಲಿಗೆ. ಇಂಥ ಲಾಭ ನಾನು ಆಯುಸ್ಸಿನಲ್ಲಿ ಮಾಡಿರಲಿಲ್ಲ. ಸಂತೋಷವಾಗುತ್ತದೇನೋ ಎಂದು ವಕೀಲಮ್ಮನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿದೆ. ಏನೂ ಆಗಲಿಲ್ಲ. ದುಃಖವೂ ಆಗಲಿಲ್ಲ. ಚಪ್ಪಲಿ ಹಾಕಿಕೊಂಡು ಬಂದೆ.

ಆ ವಾರವೇ ಮನೆ ನೋಡಲು ಕೋರ್ಟಿನಿಂದ ಒಬ್ಬ ಮೇಡಂ ಬಂದರು. ನಿನ್ನ ಕೋಣೆ ತೋರಿಸಮ್ಮ ಎಂದು ಮಗಳನ್ನು ಕೇಳಿದರು. ನಾನು ಅಡುಗೆಮನೆಯಲ್ಲಿ ಅವರಿಗೆ ನೀರು ಬಗ್ಗಿಸುತ್ತಿದ್ದೆ, ಕಿವಿ ಮಾತ್ರ ಆ ಕೋಣೆಯಲ್ಲಿತ್ತು. ಮಗಳು ಮಂಚ ತೋರಿಸಲಿಲ್ಲ, ಬಹುಮಾನದ ಬಟ್ಟಲು ತೋರಿಸಲಿಲ್ಲ. ನೀವು ಮಾಡಿದ ಮರದ ಬೀರು ಇದೆಯಲ್ಲ, ಅವಳು ಹುಟ್ಟಿದ ವರ್ಷ ಆ ಕೋಣೆಯೊಳಗೇ ಹಲಗೆ ಹರಡಿಕೊಂಡು ಕೂತು ಮಾಡಿದಿರಿ, ಮುಗಿದ ಮೇಲೆ ನೋಡಿದರೆ ಬಾಗಿಲಿಗಿಂತ ಅಗಲ, ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿದ್ದೆ. ಅದನ್ನು ತಟ್ಟಿ ತೋರಿಸಿದಳು. "ಇದು ಆಚೆ ಹೋಗಲ್ಲ ಮೇಡಂ. ಬಿಚ್ಚೋಕೂ ಆಗಲ್ಲ, ಅಪ್ಪ ಮೊಳೆ ಹೊಡೆದಿಲ್ಲ, ಒಂದರೊಳಗೊಂದು ಕೂರಿಸಿಬಿಟ್ಟಿದಾರೆ. ಮನೆ ಯಾರದಾದ್ರೂ ಇದು ಇಲ್ಲೇ ಇರುತ್ತೆ." ಆ ಹೆಂಗಸು ಏನೂ ಬರೆದುಕೊಳ್ಳಲಿಲ್ಲ. ನೀರಿನ ಲೋಟ ಹಿಡಿದು ಬಂದಿದ್ದ ನಾನು ಬಾಗಿಲಲ್ಲೇ ನಿಂತೆ.

ತಕ್ಕಡಿ ಅಜ್ಜ ಇನ್ನೊಂದು ಮಾತು ಹೇಳುತ್ತಿದ್ದ, ನಾನು ರಾಶಿಯ ಭರದಲ್ಲಿ ಅದನ್ನು ಮರೆತಿದ್ದೆ. ಬಾಗಿಲು ದಾಟದ ಸಾಮಾನಿಗೆ ಬೆಲೆ ಕಟ್ಟಬೇಡ, ಅದು ಮನೆಯ ಜೊತೆ ಲೆಕ್ಕ. ಅಂಥದ್ದನ್ನು ನಾವು ಎಷ್ಟೋ ಮನೆಗಳಲ್ಲಿ ಮುಟ್ಟದೆ ಬಿಟ್ಟು ಬಂದಿದ್ದೇವೆ.

ಆದ್ದರಿಂದ ನಾನು ಹೊಸದಾಗಿ ರಾಶಿ ಹಾಕಿದ್ದೇನೆ, ಕೇಳಿ. ವಕೀಲಮ್ಮನಿಗೆ ಹೇಳಿದೆ, ಅವಳು ಹಣೆ ಹಣೆ ಬಡಿದುಕೊಂಡಳು, ಆದರೆ ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದು ಒಪ್ಪಿದಳು. ಮಗಳು ಎಲ್ಲಿಗೂ ಹೋಗುವುದಿಲ್ಲ. ಅವಳು ಆ ಕೋಣೆಯಲ್ಲಿ, ಆ ಬೀರುವಿನ ಜೊತೆ, ಆ ಮನೆಯಲ್ಲಿ ಇರುತ್ತಾಳೆ. ಅವಳು ದೊಡ್ಡವಳಾಗುವವರೆಗೆ ಮನೆಯನ್ನು ನಾನೂ ಮಾರುವಂತಿಲ್ಲ, ನೀವೂ ಮಾರುವಂತಿಲ್ಲ. ಹೋಗಿ ಬರುವವರು ನಾವು. ಒಂದು ವಾರ ನೀವು ಮನೆಯಲ್ಲಿ, ನಾನು ಅಟ್ಟದಲ್ಲಿ. ಮುಂದಿನ ವಾರ ಅದಲು ಬದಲು. ಅಂಗಡಿಯ ಗಳಿಕೆಯಲ್ಲಿ ಮೊದಲು ಅವಳ ಖರ್ಚು ತೆಗೆದು, ಉಳಿದದ್ದು ಸಮಪಾಲು. ಒಗೆಯುವ ಮೆಷಿನ್ನು ಮನೆಯಲ್ಲೇ ಇರಲಿ, ನಿಮಗೆ ಬಣ್ಣದ ಬಟ್ಟೆ ಬೇರೆ ಹಾಕುವುದು ಇನ್ನಾದರೂ ಬರಬೇಕು.

ಪದ್ಧತಿ ಪದ್ಧತಿಯೇ. ಇದು ಒಂದನೆಯದು. ಎರಡನೆಯದು ವಕೀಲಮ್ಮ ಹೇಳಿದ್ದು, ಕೋರ್ಟಿನಲ್ಲಿ ಹೊಡೆದಾಡುವುದು. ಹಾಕಿದವಳು ನಾನು, ಆರಿಸುವವರು ನೀವು. ಈ ಸಲ ನೀವು ಯಾವುದನ್ನು ಎತ್ತಿಕೊಳ್ಳುತ್ತೀರೆಂದು ನಾನು ಲೆಕ್ಕ ಹಾಕಿಲ್ಲ. ನಿಮ್ಮ ವಿಷಯದಲ್ಲಿ ನನ್ನ ಲೆಕ್ಕಕ್ಕೆ ಬೆಲೆಯಿಲ್ಲ ಎಂದು ಗೊತ್ತಾಗಿದೆ. ಆರಿಸಿದವರು ಅಳೋ ಹಾಗಿಲ್ಲ ಅಂದಿದ್ದ ಅಜ್ಜ. ರಾಶಿ ಹಾಕಿದವರು ಅಳಬಹುದೇ ಎಂದು ಕೇಳಲು ಈಗ ಅವನಿಲ್ಲ. ಕೇಳಿಯೂ ಪ್ರಯೋಜನವಿರಲಿಲ್ಲ, ಜೋಮು ಇನ್ನೂ ಇಳಿದಿಲ್ಲ.

ಒಪ್ಪಿಗೆಯಾದರೆ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಮಗಳ ಕೈಯಲ್ಲಂತೂ ಹೇಳಿಸಬೇಡಿ. ಅಟ್ಟದಲ್ಲಿ ಕಿಟಕಿ ಪಕ್ಕದ ಮಂಚದ ಬೆಲೆಚೀಟಿ ಕಿತ್ತುಹಾಕಿ. ನಾನು ಮೇಲೆ ಬಂದಾಗ ನೋಡಿಕೊಳ್ಳುತ್ತೇನೆ. ಆ ಒಂದು ಮಂಚವನ್ನು ಯಾರು ಎಷ್ಟು ಕೊಟ್ಟರೂ ಮಾರುವುದು ಬೇಡ. ಒಂದು ವಾರ ನೀವು ಮಲಗಿದ್ದರಲ್ಲಿ ಮುಂದಿನ ವಾರ ನಾನು ಮಲಗುತ್ತೇನೆ.

ನಿಮ್ಮ ಬೆನ್ನುನೋವು ವಾಸಿಯಾಗಲಿ, ಕೈಯ ಉಳಿ ಮೊಂಡಾಗದಿರಲಿ.

ಇಂತಿ,
ನಿಮ್ಮ ಮಗಳ ತಾಯಿ,
ಎರಡನೇ ಅರ್ಜಿದಾರಳು