ಸಮಾರಂಭಕ್ಕೆ ಕಾದು ಕೂತ ಎರಡು ಸಾವಿರ ಹಾಳೆಗಳು

ಮಾನ್ಯ ಔಷಧ ವಿತರಣಾ ಅಧಿಕಾರಿಗಳೇ,

ಕ್ಯಾನ್ಸರ್ ಗುಳಿಗೆಯನ್ನು ಹೇಗೆ ನುಂಗಬೇಕು ಎಂದು ತಿಳಿಸುವ ಎರಡು ಸಾವಿರ ಕನ್ನಡ ಹಾಳೆಗಳು ತಮ್ಮ ಕಚೇರಿಯ ಕಪಾಟಿನಲ್ಲಿ ಎಂಟು ತಿಂಗಳಿನಿಂದ ಕಟ್ಟು ಬಿಚ್ಚದೆ ಬಿದ್ದಿವೆ. ಅವು ರೋಗಿಗಳ ಕೈ ಸೇರದ ಕಾರಣಕ್ಕೆ ನನ್ನ ಅಕ್ಕನ ಮನೆಯಲ್ಲಿ ಆ ಗುಳಿಗೆಯನ್ನು ಒರಳಲ್ಲಿ ಕುಟ್ಟಿದರು. ಕುಟ್ಟಿದವಳು ನಾಲ್ಕು ತಿಂಗಳ ಬಸುರಿ. ನನ್ನ ದೂರು ಇಷ್ಟೇ. ವಿವರಕ್ಕೆ ಪುರುಸೊತ್ತಿದ್ದರೆ ಮುಂದೆ ಓದಿ.

ನಾನು ಗೋಳಗುಮ್ಮಟದ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುವವನು. ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ನಮ್ಮ ಮಂದಿಗೆ ತಿಳಿಯುವುದಿಲ್ಲ, ಕನ್ನಡದಲ್ಲಿ ಬೇಕು ಎಂದು ತಾವೇ ನನ್ನನ್ನು ಕರೆಸಿದಿರಿ. ಡಾಕ್ಟರರು ಎದುರು ಕೂತು ಹೇಳಿದರು, ನಾನು ಬರೆದುಕೊಂಡೆ, ಮೂರು ಸಲ ತಿದ್ದಿ ಅಚ್ಚು ಹಾಕಿ ಕೊಟ್ಟೆ. "ನಾಳಿಂದನ ಪ್ರತಿ ಪೇಶಂಟಿಗೂ ಗುಳಿಗಿ ಜೋಡಿ ಕೊಡತೇವ್ರಿ" ಎಂದು ತಾವು ಕೈ ಕುಲುಕಿದಿರಿ. ನಾನು ನಂಬಿದೆ. ನಂಬಿದ್ದಕ್ಕೆ ಈಗ ನನ್ನ ಮೇಲೇ ನನಗೆ ಸಿಟ್ಟು.

ಮುಂದೆ ಕೆಲವೇ ತಿಂಗಳಲ್ಲಿ ಕಳ್ಳಕವಟಗಿಯ ನನ್ನ ಅಕ್ಕ ಬೀಬಿಜಾನಳಿಗೆ ಕರುಳಿನ ಕ್ಯಾನ್ಸರ್ ಎಂದಾಯಿತು. ಆಪರೇಷನ್ ಆದ ಮೇಲೆ ತಮ್ಮದೇ ಔಷಧ ಕಿಟಕಿಯಲ್ಲಿ ಅದೇ ಕ್ಯಾಪೆಸಿಟಬಿನ್ ಗುಳಿಗೆ ಕೊಟ್ಟರು. ನಾನು ಅವಳಿಗೆ ಏನೂ ಹೇಳಲಿಲ್ಲ. ನನ್ನ ಹಾಳೆ ಮನೆಯಲ್ಲಿರುತ್ತದೆ, ಅವಳ ಸೊಸೆ ಸಾಯಿರಾ ಓದಿ ಹೇಳುತ್ತಾಳೆ ಎಂದುಕೊಂಡೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಕನಿಗೆ ಒಂದೂ ಹಲ್ಲಿಲ್ಲ. ಎಲೆ ಅಡಿಕೆ ಕುಟ್ಟಿಕೊಳ್ಳಲು ಕಬ್ಬಿಣದ ಪುಟ್ಟ ಒರಳೊಂದಿದೆ. ಜ್ವರದ ಗುಳಿಗೆಯೂ ಅದರಲ್ಲೇ, ಹುರಿದ ಶೇಂಗಾ ಕೂಡ ಅದರಲ್ಲೇ. ಈ ದೊಡ್ಡ ಗುಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಸಾಯಿರಾ ಹದಿನಾಲ್ಕು ದಿನ, ಹೊತ್ತಿಗೆ ಮೂರರಂತೆ ಕುಟ್ಟಿ, ಸೆರಗಿನಲ್ಲಿ ಸೋಸಿ, ಹಾಲಿನಲ್ಲಿ ಕಲಸಿ ಕುಡಿಸಿದಳು. ಇಂಥ ಸೊಸೆ ಎಲ್ಲರಿಗೂ ಸಿಗುತ್ತಾಳೆಯೇ, ಸಾಹೇಬರೇ?

ಹಾಳೆಯಲ್ಲಿ ಏನಿತ್ತು ಎಂದು ತಮಗೇ ಓದಿ ಹೇಳುತ್ತೇನೆ, ತಾವಂತೂ ಓದಿದಂತಿಲ್ಲ. ಈ ಗುಳಿಗೆ ಹೊಟ್ಟೆಗಿಳಿದ ಮೇಲೆ ಮೈಯೊಳಗೆ, ಅದರಲ್ಲೂ ಗಡ್ಡೆ ಇರುವ ಕಡೆ ಹೆಚ್ಚಾಗಿ, ನಿಜವಾದ ಔಷಧವಾಗಿ ಮಾರ್ಪಡುತ್ತದೆ. ಬೇಗ ಬೇಗ ಇಮ್ಮಡಿಯಾಗುವ ಜೀವಕೋಶಗಳನ್ನು ತಡೆದು ಕೊಲ್ಲುತ್ತದೆ. ಕ್ಯಾನ್ಸರ್ ಹಾಗೆ ಬೆಳೆಯುತ್ತದೆ, ನಿಜ. ಆದರೆ ಬಾಯಿಯ, ಕರುಳಿನ ಒಳ್ಳೆಯ ಕೋಶಗಳೂ ಹಾಗೆಯೇ ಬೆಳೆಯುತ್ತವೆ. ಬಸಿರಿನ ಕೂಸಂತೂ ಹಗಲಿರುಳು ಹಾಗೆಯೇ ಬೆಳೆಯುತ್ತದೆ. ಇವರು ನಮ್ಮವರು ಎಂಬ ಗುರುತು ಗುಳಿಗೆಗಿಲ್ಲ. ಅದಕ್ಕೇ ಊಟವಾಗಿ ಅರ್ಧ ತಾಸಿನೊಳಗೆ, ಇಡಿಯಾಗಿ, ನೀರಿನ ಜೊತೆ ನುಂಗಬೇಕು. ನುಂಗಲಾಗದಿದ್ದರೆ ಡಾಕ್ಟರರನ್ನೇ ಕೇಳಬೇಕು. ಅವರು ಹೇಳಿದ ವಾರ ಬಿಡುವು ಕೊಡಬೇಕು, ತಪ್ಪಿದ ಹೊತ್ತಿನದನ್ನು ಮುಂದಿನ ಹೊತ್ತಿಗೆ ಸೇರಿಸಬಾರದು. ಜ್ವರ ಬಂದರೆ, ಭೇದಿ ಹೆಚ್ಚಾದರೆ, ಬಾಯಿ ಹುಣ್ಣಾದರೆ, ಅಂಗೈ ಅಂಗಾಲು ಕೆಂಪಾಗಿ ಸುಲಿದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಇನ್ನು ಐದನೆಯ ಸಾಲು, ದಪ್ಪ ಅಕ್ಷರದಲ್ಲಿ: ಕುಟ್ಟಬೇಡಿ, ಪುಡಿ ಮಾಡಬೇಡಿ, ಬಸುರಿಯರು ಮುಟ್ಟಲೇಬೇಡಿ.

ಬಾಯಿ ತುಂಬ ಹುಣ್ಣಾಗಿ ಅಕ್ಕ ನೀರೂ ಕುಡಿಯದಂತಾದಾಗ ನಾನು ಊರಿಗೆ ಹೋದೆ. ಒರಳಿನ ತಳದಲ್ಲಿ ಪುಡಿ ಕಂಡಿತು. ನಾನು ಬರೆದ ಹಾಳೆ ಓದಲಿಲ್ಲವೇನವ್ವಾ ಎಂದು ಸಾಯಿರಾಳ ಮೇಲೆ ರೇಗಿದೆ.

"ಯಾವ ಹಾಳಿರಿ ಮಾಮಾ? ನಮಗ್ಯಾರೂ ಏನೂ ಕೊಟ್ಟಿಲ್ರಿ. ಕುಟ್ಟಬ್ಯಾಡಾ ಅಂತ ಯಾರರ ಒಂದು ಮಾತು ಹೇಳಿದ್ರ ನಾ ಯಾಕ ಕುಟ್ಟತಿದ್ದೆ?"

ಮರುದಿನ ತಮ್ಮ ಕಿಟಕಿಗೆ ಬಂದೆ. ಅಲ್ಲಿ ಕೂತವರು ತಣ್ಣಗೆ ಹೇಳಿದರು: "ಅವು ಇನ್ನೂ ಬಿಡುಗಡಿ ಆಗಿಲ್ರಿ. ಸಮಾರಂಭದ ತಾರೀಖ ಸಿಕ್ಕಿಲ್ಲ. ಅದಕ್ಕಿಂತ ಮೊದಲ ಯಾರಿಗೂ ಕೊಡಬ್ಯಾಡ್ರಿ ಅಂದಾರ ಸಾಹೇಬ್ರು." ಕಪಾಟನ್ನೂ ತೆರೆದು ತೋರಿಸಿದರು. ನಾನು ಸುತ್ತಿದ ಸುತಳಿ, ನಾನು ಹಾಕಿದ ಗಂಟು ಹಾಗೆಯೇ ಇತ್ತು.

ವಿಷದಂಥ ಗುಳಿಗೆ ಕೊಡಲು ಯಾವ ಮುಹೂರ್ತವೂ ಬೇಕಾಗಲಿಲ್ಲ. ಅದನ್ನು ನುಂಗುವ ಬಗೆ ತಿಳಿಸಲು ಮಾತ್ರ ಹಾರ ತುರಾಯಿ ಬೇಕಾಯಿತೇ? ತಿಕೋಟಾದಿಂದ, ಬಬಲೇಶ್ವರದಿಂದ, ನಿಡೋಣಿಯಿಂದ ಬಸ್ಸು ಹತ್ತಿ ಬಂದವರು ಈ ಎಂಟು ತಿಂಗಳಲ್ಲಿ ಎಷ್ಟು ಮಂದಿ? ಅವರ ಮನೆಗಳಲ್ಲಿ ಯಾರು ಏನು ಕುಟ್ಟಿದರು ಎಂದು ತಮಗೆ ಗೊತ್ತೇ?

ಅಕ್ಕನ ಗುಳಿಗೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಸಾಯಿರಾಳಿಗೆ ಶುಕ್ರವಾರ ಸ್ಕ್ಯಾನಿಂಗ್. ಕೂಸಿಗೆ ಏನಾದರೂ ಆಗಿದೆಯೇ ಎಂದು ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರರು. ಅಂದಿನಿಂದ ಆ ಹುಡುಗಿ ಗಳಿಗೆಗೊಮ್ಮೆ ಎದ್ದು ಹೋಗಿ ಕೈ ತೊಳೆಯುತ್ತಾಳೆ.

ತಾರೀಖಿಗೆ ಕಾಯಬೇಡಿ. ರಿಬ್ಬನ್ನಿಗೆಂದು ತಂದಿಟ್ಟ ಕತ್ತರಿಯಿಂದ ನಾಳೆ ಬೆಳಿಗ್ಗೆಯೇ ಆ ಸುತಳಿ ಕತ್ತರಿಸಿ. ಓದಲು ಬಾರದವರಿಗೆ ಕಿಟಕಿಯಲ್ಲೇ ಬಾಯಿಬಿಟ್ಟು ಹೇಳಿಸಿ. ಮಂದಿ ಇಲ್ಲವೆಂದರೆ ಅಂಗಡಿ ಮುಚ್ಚಿ ನಾನೇ ಬಂದು ಕೂಡುತ್ತೇನೆ. ಈಗಾಗಲೇ ಗುಳಿಗೆ ಒಯ್ದವರ ಹೆಸರು, ಫೋನು ತಮ್ಮಲ್ಲಿವೆ. ಒಬ್ಬೊಬ್ಬರಿಗೂ ಫೋನು ಮಾಡಿಸಿ.

ತಾವು ನನಗೆ ಉತ್ತರ ಬರೆಯದಿದ್ದರೂ ನಡೆದೀತು. ನಾನು ಉತ್ತರ ಕೊಡಬೇಕಾದದ್ದು ಅಕ್ಕನಿಗೆ. ಹುಣ್ಣಾದ ಬಾಯಲ್ಲಿ ಅವಳು ಕಷ್ಟಪಟ್ಟು ಕೇಳಿದ್ದು ಒಂದೇ ಮಾತು: "ಅದನ್ನ ನೀನ ಬರದಿದ್ದೆಲ್ಲೋ ತಮ್ಮಾ, ಹಂಗಾದ್ರ ನನಗ್ಯಾಕ ಹೇಳಲಿಲ್ಲ?"

ಇಂತಿ,
ತಮ್ಮ ಮಾತು ನಂಬಿ, ಒಡಹುಟ್ಟಿದವಳಿಗೆ ಒಂದು ಮಾತು ಹೇಳದೆ ಉಳಿದ
ಬಂದೇನವಾಜ
ವಿಜಯಪುರ